ಕೆಂಚನ ಬಲಗಾಲು

ಕೋಳಿಮರಿಯ ನೆತ್ತಿಗೆ ಒಂದು ವಾಸನೆ ಇರುತ್ತದೆ. ಹುರಿದ ರಾಗಿಹಿಟ್ಟು, ಬಿಸಿಲಿಗೆ ಕಾದ ಧೂಳು, ಒಡೆದ ಮೊಟ್ಟೆಯ ಒಳಸಿಪ್ಪೆ, ಮೂರನ್ನೂ ಬೆಚ್ಚನೆಯ ಅಂಗೈಯಲ್ಲಿ ಮುಚ್ಚಿಟ್ಟು ತೆರೆದ ಹಾಗೆ. ಸಾಕಿ ಗೊತ್ತಿಲ್ಲದವರಿಗೆ ಅದು ಬರೀ ಕೋಳಿ ನಾತ. ಹೋದ ತಿಂಗಳು ನನ್ನ ಮಗಳು ಕಡೂರಿನ ಗೆಳತಿಯ ಮನೆಯಿಂದ ಎರಡು ಗಿಡ್ಡ ಕೋಳಿಮರಿಗಳನ್ನು ಶೂ ಡಬ್ಬದಲ್ಲಿ ಹಾಕಿಕೊಂಡು ಬಂದಳು. ತರೀಕೆರೆಯ ನಮ್ಮ ಬಾಡಿಗೆ ಮನೆಗೆ ಹಿತ್ತಲಿಲ್ಲ, ಬಟ್ಟೆ ಒಣಹಾಕುವ ತಾರಸಿ ಮಾತ್ರ. ಬೈಯಬೇಕೆಂದು ಬಾಯಿ ತೆರೆದವಳು ಒಂದು ಮರಿಯನ್ನು ಎತ್ತಿಕೊಂಡು, ನನಗೇ ತಿಳಿಯದಂತೆ ಮೂಗಿಗೆ ಹಿಡಿದೆ. ಬೈಗುಳ ಅಲ್ಲೇ ನಿಂತುಹೋಯಿತು. ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿ ಫಿನಾಯಿಲು, ಸ್ಪಿರಿಟ್ಟುಗಳಲ್ಲಿ ಸವೆದ ಮೂಗು ನನ್ನದು. ಅದಕ್ಕೆ ಇದಿನ್ನೂ ನೆನಪಿದೆಯಲ್ಲ ಎಂದು ಆಶ್ಚರ್ಯವಾಯಿತು. "ಯಾಕಮ್ಮ ಅಳ್ತಿದೀಯಾ?" ಎಂದು ಮಗಳು ಕೇಳಿದಳು. ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. ನಾನು ಅಜ್ಜಿಯ ಹಿತ್ತಲಲ್ಲಿ ನಿಂತಿದ್ದೆ.

ನಿಮಗೂ ಅಂಥದೊಂದು ಹಿತ್ತಲು ಇದ್ದಿರಬಹುದು. ನಮ್ಮದು ಬುಕ್ಕಾಂಬುಧಿ ಕೆರೆಯ ಕೆಳಗಿನ ಒಂದು ಊರು, ಊರಿಗೆ ತುಸು ಹೊರಗಾಗಿದ್ದ ನಮ್ಮ ಕೇರಿ, ಕೇರಿಯ ಕೊನೆಯಲ್ಲಿ ಹೆಂಚಿನ ಮನೆ. ಹಿತ್ತಲೆಂದರೆ ಒಂದು ನುಗ್ಗೆಮರ, ಒಂದು ಬೂದಿಗುಂಡಿ, ಪಾತ್ರೆ ತೊಳೆದ ನೀರು ಹರಿದು ಯಾವಾಗಲೂ ಹಸಿಯಾಗಿರುತ್ತಿದ್ದ ಒಂದು ಮೂಲೆ. ಕೋಳಿಗಳಿಗೆ ಇಷ್ಟೇ ಸಾಕು. ಬೂದಿಯಲ್ಲಿ ಹೊರಳಿ ಹೇನು ಕಳೆದುಕೊಳ್ಳುತ್ತಿದ್ದವು, ಹಸಿ ಮೂಲೆಯಲ್ಲಿ ಹುಳು ಹುಡುಕುತ್ತಿದ್ದವು, ಸಂಜೆಯಾದರೆ ನುಗ್ಗೆಮರ ಏರುತ್ತಿದ್ದವು. ಅಪ್ಪ ಅಜ್ಜಂಪುರದ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಸಂಜೆ ಅವನು ತರುತ್ತಿದ್ದ ನುಚ್ಚಿನಲ್ಲಿ ಅರ್ಧ ನಮಗೆ, ಅರ್ಧ ಕೋಳಿಗಳಿಗೆ. ಅವ್ವ ಕೂಲಿಗೆ ಹೋಗುತ್ತಿದ್ದಳು. ನನ್ನನ್ನೂ ತಮ್ಮ ಸೀನನನ್ನೂ ಬೆಳೆಸಿದ್ದು ಅಪ್ಪನ ತಾಯಿ, ನಮ್ಮಜ್ಜಿ. ನಮ್ಮನ್ನೂ ಕೋಳಿಗಳನ್ನೂ ಅವಳು ಒಂದೇ ದನಿಯಲ್ಲಿ ಗದರುತ್ತಿದ್ದಳು. "ಹೋಗ್ರೇ ಅತ್ಲಾಗೆ" ಎಂದರೆ ಯಾರಿಗೆ ಹೇಳಿದಳೆಂದು ತಿಳಿಯದೆ ಎಲ್ಲರೂ ಜಾಗ ಬಿಡುತ್ತಿದ್ದೆವು.

ಆ ಹಿತ್ತಲಿನ ಯಜಮಾನಿ ಗಿಡ್ಡಿ. ಅಜ್ಜಿ ತನ್ನ ತವರು ಸಖರಾಯಪಟ್ಟಣದಿಂದ ತಂದ ಗಿಡ್ಡ ಜಾತಿಯ ಹೇಂಟೆ. ಕಾಲು ಎಷ್ಟು ಮೋಟೆಂದರೆ ನಡೆಯುವಾಗ ಹೊಟ್ಟೆಯ ಪುಕ್ಕ ನೆಲ ಗುಡಿಸುತ್ತಿತ್ತು. ಅವಳು ಬಂದ ಕಥೆಯನ್ನು ಅಜ್ಜಿ ಪ್ರತಿ ಸಲವೂ ಮೊದಲ ಸಲದಂತೆ ಹೇಳುತ್ತಿದ್ದಳು. ಕಡೂರಿನ ಬಸ್ಸಿನಲ್ಲಿ ಕೈಚೀಲವನ್ನು ಸೆರಗಿನಡಿ ಮುಚ್ಚಿಕೊಂಡು ಕೂತಿದ್ದಳಂತೆ. ಕಂಡಕ್ಟರು "ಏನಜ್ಜಿ ಅದು?" ಎಂದಾಗ "ಸೊಪ್ಪು ಕಣಪ್ಪ" ಎಂದಳಂತೆ. ಅಷ್ಟರಲ್ಲಿ ಚೀಲದೊಳಗೆ ಗಿಡ್ಡಿ ಮೊಟ್ಟೆಯಿಟ್ಟು, ಇಟ್ಟದ್ದನ್ನು ಬಸ್ಸಿಗೆಲ್ಲ ಸಾರಿದಳಂತೆ. "ನಿನ್ ಸೊಪ್ಪು ಮೊಟ್ಟೆ ಬೇರೆ ಇಕ್ತದಲ್ಲಜ್ಜಿ" ಎಂದು ನಕ್ಕು ಕಂಡಕ್ಟರು ಮುಂದೆ ಹೋದನಂತೆ. ಆ ಮೊಟ್ಟೆಯನ್ನು ಅಜ್ಜಿ ಅವನ ಕೈಗೇ ಕೊಟ್ಟಳೋ, ಮನೆಗೆ ತಂದಳೋ ಎನ್ನುವುದು ಮಾತ್ರ ಹೇಳಿದಾಗಲೆಲ್ಲ ಬದಲಾಗುತ್ತಿತ್ತು.

ಗಿಡ್ಡಿ ಇಡುತ್ತಿದ್ದ ಮೊಟ್ಟೆ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಆದರೆ ಕಾವಿಗೆ ಕೂರುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಬೇರೆ ಹೇಂಟೆಗಳು ಅರ್ಧಕ್ಕೇ ಎದ್ದುಹೋಗುತ್ತಿದ್ದವು. ಇವಳು ಕೂತಳೆಂದರೆ ಇಪ್ಪತ್ತೊಂದು ದಿನ ಕದಲುತ್ತಿರಲಿಲ್ಲ. ಕೇರಿಯವರೆಲ್ಲ ತಮ್ಮ ಮೊಟ್ಟೆಗಳನ್ನೂ ಇವಳ ಹೊಟ್ಟೆಯಡಿಗೆ ತಂದಿಡುತ್ತಿದ್ದರು. ಹಳೆಯ ಮಂಕರಿಗೆ ಒಣಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ತುಂಡು ಕಬ್ಬಿಣ, ಒಂದು ಇದ್ದಿಲು ಇಟ್ಟು ಅಜ್ಜಿ ಅವಳನ್ನು ಕೂರಿಸುತ್ತಿದ್ದಳು. ಮರಿ ಬರಲು ಎರಡು ದಿನವಿದೆ ಎನ್ನುವಾಗ ಉಗುರುಬೆಚ್ಚನೆಯ ನೀರಿನಲ್ಲಿ ಮೊಟ್ಟೆಗಳನ್ನು ತೇಲಿಬಿಡುವುದು ನನ್ನ ಕೆಲಸ. ಜೀವವಿದ್ದ ಮೊಟ್ಟೆ ನೀರಲ್ಲಿ ತನ್ನಷ್ಟಕ್ಕೆ ಅಲ್ಲಾಡುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಾನು ಹೆದರಿ ಚೀರಿದ್ದೆ.

ಮರಿಗಳಾದ ಮೂರನೇ ದಿನ ಗುರುತು ಹಾಕುವುದು. ಕೋಳಿಗಳಿಗೆ ಬೇಲಿಯಿಲ್ಲ. ಹಗಲೆಲ್ಲ ಎಲ್ಲರ ಅಂಗಳದಲ್ಲೂ ಕೆದರುವವು ಯಾರವು ಎಂದು ತಿಳಿಯುವುದು ಹೇಗೆ? ಅದಕ್ಕೇ ಒಂದೊಂದು ಮನೆಗೆ ಒಂದೊಂದು ಗುರುತು. ಒಬ್ಬರು ರೆಕ್ಕೆಯ ತುದಿ ಕತ್ತರಿಸುತ್ತಿದ್ದರು, ಪಕ್ಕದ ಮನೆಯ ಪುಟ್ಟತ್ತೆ ನಡುಬೆರಳ ಉಗುರು ತೆಗೆಯುತ್ತಿದ್ದಳು. ನಮ್ಮನೆಯದು ಎಡಗಾಲಿನ ಹಿಂಬೆರಳ ತುದಿ. ಅಜ್ಜಿ ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದು, ಮರಿಯನ್ನು ತನ್ನ ಮಂಡಿಗೆ ಒರಗಿಸಿ, ಚಿಟಕ್ಕೆಂದು ತುದಿ ತೆಗೆದು ಅರಿಶಿನ ಒತ್ತುತ್ತಿದ್ದಳು. ಮರಿ ಕಿಚ್ಚೆನ್ನುವುದರೊಳಗೆ ಮುಗಿದಿರುತ್ತಿತ್ತು. ಅದೇ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಗುರುತಿಲ್ಲದ ಕೋಳಿ ಎಂದರೆ ಒಂದೇ ಅರ್ಥ, ಅದು ಮಾರಮ್ಮನದು. ಹರಕೆಯ ಕೋಳಿಗೆ ಉಗುರಿನಷ್ಟೂ ಊನವಿರಬಾರದು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ, ಕಳ್ಳನೂ ಮುಟ್ಟುತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ಸೀನನಿಗೆ ಮೈತುಂಬ ಅಮ್ಮ ಎದ್ದಿತು. ನಾಲ್ಕು ವರ್ಷದ ಮಗು, ಮೈಯಲ್ಲಿ ಅಂಗೈಯಗಲ ಜಾಗವಿಲ್ಲದಂತೆ ಗುಳ್ಳೆ. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದರು. ಒಂದು ಮಧ್ಯಾಹ್ನ ಅವನು ಕರೆದರೆ ಓಗೊಡಲಿಲ್ಲ. ಅಪ್ಪ ಆಸ್ಪತ್ರೆಗೆ ಗಾಡಿ ತರಲು ಓಡಿದ. ಅಜ್ಜಿ ಹಿತ್ತಲಿಗೆ ಹೋಗಿ, ಮಾರಮ್ಮನ ಕಲ್ಲಿದ್ದ ದಿಕ್ಕಿಗೆ ತಿರುಗಿ, ಸೆರಗೊಡ್ಡಿ ನಿಂತಳು. "ನನ್ ಹಿತ್ಲಿನ ಊನಿಲ್ಲದ ಕೋಳಿ ಒಪ್ಪಿಸ್ತೀನಿ ಕಣವ್ವ, ನನ್ ಕೂಸು ಬಿಟ್ಕೊಡು." ಆಸ್ಪತ್ರೆಯಲ್ಲಿ ಹತ್ತು ದಿನವಿದ್ದು ಸೀನ ಎದ್ದ. ಔಷಧಿಯಿಂದ ಎಂದು ಅಪ್ಪ, ಹರಕೆಯಿಂದ ಎಂದು ಅಜ್ಜಿ. ಆಗಷ್ಟೇ ಗಿಡ್ಡಿ ಎಬ್ಬಿಸಿದ್ದ ಮರಿಗಳಲ್ಲಿ ಒಂದು ಕೆಂಪು ಮರಿಯನ್ನು ಅಜ್ಜಿ ಅಡಕತ್ತರಿಗೆ ಕೊಡದೆ ಬಿಟ್ಟಳು. ಮುಂದಿನ ವರ್ಷದ ಮಾರಿಹಬ್ಬಕ್ಕೆ ಅದು.

ಆ ಮರಿಯನ್ನು ನೋಡಿಕೊಳ್ಳಲು ನನಗೆ ಹೇಳಿದ್ದೇ ಅಜ್ಜಿ ಮಾಡಿದ ತಪ್ಪು. ಹರಕೆಯದು, ಹದ್ದು ಮುಂಗುಸಿಗಳ ಪಾಲಾಗಬಾರದೆಂದು ಅವಳ ಕಾಳಜಿ. ನಾನು ಅದಕ್ಕೆ ಕೆಂಚನೆಂದು ಹೆಸರಿಟ್ಟೆ. ಸಗಣಿ, ಹುಲ್ಲು ತುಂಬಿದ ಮಡಕೆಯನ್ನು ಹೊಲದ ಬದುವಿನಲ್ಲಿ ಬೋರಲು ಹಾಕಿ, ಬೆಳಿಗ್ಗೆ ಅದರೊಳಗೆ ಹತ್ತಿದ್ದ ಗೆದ್ದಲನ್ನು ತಂದು ಅವನಿಗೇ ಮೊದಲು ಸುರಿಯುತ್ತಿದ್ದೆ. ಆರು ತಿಂಗಳಿಗೆ ಕೆಂಚ ಅಂಗೈ ಮೇಲೆ ನಿಲ್ಲಿಸಬಹುದಾದಷ್ಟು ಪುಟ್ಟ, ಆದರೆ ಊರಿಗೆಲ್ಲ ಕೇಳುವಂತೆ ಕೂಗುವ ಹುಂಜನಾದ. ನಾನು ಶಾಲೆಯಿಂದ ಬರುವ ಹೊತ್ತಿಗೆ ಅಂಗಳಕ್ಕೆ ಅಡ್ಡಹಾಕಿದ ದಣಪೆಯ ಮೇಲೆ ಕೂತಿರುತ್ತಿದ್ದ. ನನ್ನ ಭುಜ ಏರಿ, ಕಿವಿಯ ಓಲೆಯನ್ನು ಕಾಳೆಂದು ಕುಕ್ಕುತ್ತಿದ್ದ. ಅವನು ಯಾರಿಗೆ ಸೇರಿದವನು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮರೆಯುವುದು ಒಂಬತ್ತು ವರ್ಷದವರಿಗೆ ಕಷ್ಟವೇನಲ್ಲ.

ಆ ವರ್ಷವೇ ಅಪ್ಪ ಬುದ್ಧನ ದಾರಿ ಹಿಡಿದ. ಹುಣ್ಣಿಮೆಗೊಮ್ಮೆ ತರೀಕೆರೆಗೆ ಹೋಗಿ ಗೆಳೆಯರೊಂದಿಗೆ ಕೂತು ಬರುತ್ತಿದ್ದ. ನಡುಮನೆಯ ಗೋಡೆಗೆ ಬುದ್ಧನ ಪಟ ಬಂತು. ಅಜ್ಜಿ ಮಾರನೆಯ ಬೆಳಿಗ್ಗೆಯೇ ಆ ಪಟಕ್ಕೆ ಕುಂಕುಮವಿಟ್ಟು ಹೂ ಮುಡಿಸಿದಳು. ಅಪ್ಪ ಒರೆಸಿದ, ಅವಳು ಮತ್ತೆ ಇಟ್ಟಳು. ಈ ಜಗಳ ಒಂದು ಮಾತೂ ಇಲ್ಲದೆ ವರ್ಷಗಟ್ಟಲೆ ನಡೆಯಿತು. ಹರಕೆಯ ವಿಷಯಕ್ಕೆ ಮಾತ್ರ ಅಪ್ಪ ಬಾಯಿಬಿಟ್ಟ. "ಹಸಿವಿಗೆ ಕುಯ್ದು ತಿನ್ನೋದು ಬ್ಯಾರೆ ಅವ್ವ. ದೇವ್ರ ಹೆಸರೇಳಿ ಜೀವ ತೆಗೆಯೋದು ಬ್ಯಾರೆ. ಕಾಯಿ ಒಡ್ದು ಬಾ. ಮಗ ಹುಷಾರಾದ್ನಲ್ಲ." ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. "ಹುಷಾರಾಗ್ಲಿ ಅಂತ ಮಾತು ಕೊಟ್ಟೋಳು ನಾನು. ಹುಷಾರಾದ್ಮೇಲೆ ಮಾತು ತಿರುಗಿಸ್ಲಾ?" ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಅಪ್ಪ ಗೆಲ್ಲುತ್ತಾನೆಂದು ಬಾಗಿಲ ಹಿಂದೆ ನಿಂತು ಕಾಯುತ್ತಿದ್ದ ನನಗೆ ಸಿಡಿಲು ಬಡಿದಂತಾಯಿತು.

ಮಾರಿಹಬ್ಬದ ಹಿಂದಿನ ದಿನ ಮಧ್ಯಾಹ್ನ ಅಜ್ಜಿ ಬೇವಿನ ಸೊಪ್ಪು ತರಲು ಹೋಗಿದ್ದಳು. ಎಲೆಅಡಿಕೆ ಚೀಲ ಗೂಟದಲ್ಲಿತ್ತು. ನಾನು ಅಡಕತ್ತರಿ ತೆಗೆದುಕೊಂಡು ಹಿತ್ತಲಿಗೆ ಹೋಗಿ ಕೆಂಚನನ್ನು ಕರೆದೆ. ಕರೆದ ಕೂಡಲೇ ಬಂದ. ನುಗ್ಗೆಮರದ ಬುಡದಲ್ಲಿ ಕೂತು, ಅವನನ್ನು ಎದುರಾಗಿ ಎರಡು ಮಂಡಿಗಳ ನಡುವೆ ಅಮುಕಿಕೊಂಡು, ಅಜ್ಜಿ ಹಾಕುವ ಗುರುತನ್ನೇ ಹಾಕಿದೆ. ಎಳೆಮರಿಯ ಬೆರಳಲ್ಲ ಅದು, ಬೆಳೆದ ಹುಂಜನ ಬೆರಳು. ಚಿಟಕ್ಕೆನ್ನಲಿಲ್ಲ. ಎರಡು ಸಲ ಒತ್ತಬೇಕಾಯಿತು. ರಕ್ತ ನನ್ನ ಲಂಗದ ಮೇಲೆಲ್ಲ ಆಯಿತು. ಅಜ್ಜಿಯ ಸುಣ್ಣದ ಕಾಯಿಯಿಂದ ಸುಣ್ಣ ತೆಗೆದು ಅರಿಶಿನದೊಂದಿಗೆ ಮೆತ್ತಿದೆ. ಕೆಂಚ ಕೂಗಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಲಂಗ ಒಗೆದೆ, ಅಡಕತ್ತರಿಯನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ಚೀಲದಲ್ಲಿಟ್ಟೆ.

ಅಜ್ಜಿ ಬಂದವಳು ಎಂದಿನಂತೆ ಎಲೆ ಹಾಕಲು ಕೂತಳು. ಅಡಕತ್ತರಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಅದು ಅಷ್ಟು ಹೊಳೆದದ್ದು ಅದೇ ಮೊದಲು. ಎದ್ದು ಹಿತ್ತಲಿಗೆ ಹೋದಳು. ಕೆಂಚ ಒಂದು ಕಾಲನ್ನು ಮಡಿಚಿ ನಿಂತಿದ್ದ. ಅವನನ್ನು ಎತ್ತಿ ಆ ಕಾಲನ್ನು ಬಹಳ ಹೊತ್ತು ನೋಡಿದಳು. ನಾನು ಏಟಿಗೆ ಕಾಯುತ್ತ ನಿಂತೆ. "ಉಂಡ್ಯೇನೇ?" ಎಂದು ಕೇಳಿದಳು, ಅಷ್ಟೆ.

ಬೆಳಿಗ್ಗೆ ಪುಟ್ಟತ್ತೆ ಬಂದಳು. ಅಪ್ಪನಿಗೆ ವರಸೆಯಲ್ಲಿ ಅಕ್ಕ, ಮಾರಮ್ಮನ ಪೂಜಾರಿಯ ಹೆಂಡತಿ. ಹರಕೆ ಕೋಳಿಗಳನ್ನು ನೋಡಿ ಸರಿಯಿದೆ ಎನ್ನಬೇಕಾದವಳು ಅವಳೇ. ಕೆಂಚನ ಕಾಲು ಹಿಡಿದು, "ದೊಡ್ಡವ್ವ, ಇದ್ಕೆ ಗುರುತು ಬಿದ್ದೈತಲ್ಲ!" ಎಂದಳು.

"ನಾನೇ ಕಣೇ ಪುಟ್ಟಿ," ಎಂದಳು ಅಜ್ಜಿ. "ಕಣ್ಣು ಮಂಜು. ಬ್ಯಾರೆ ಕೋಳಿ ಅಂತ ಹಿಡ್ದು ಇದ್ಕೇ ಹಾಕ್ಬಿಟ್ಟೆ. ವಯಸ್ಸಾಯ್ತಲ್ಲ."

ಪುಟ್ಟತ್ತೆ ಕಾಲನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಒಮ್ಮೆ ನನ್ನನ್ನೂ ನೋಡಿದಳು. "ಹಂಗಾರೆ ಆಯ್ತು ಬಿಡು. ಇನ್ಯಾವ್ದೈತೆ?"

ಇನ್ಯಾವುದಿದೆ ಎಂಬ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಕೆಂಚ ತಪ್ಪಿಸಿಕೊಂಡರೆ ಹರಕೆಯೇ ತಪ್ಪಿಹೋಗುತ್ತದೆ ಎಂದುಕೊಂಡಿದ್ದೆ. ನಮ್ಮ ಕೋಳಿಗಳಿಗೆಲ್ಲ ಎಡಗಾಲಿನಲ್ಲಿ ಗುರುತಿತ್ತು, ಒಬ್ಬಳನ್ನು ಬಿಟ್ಟು. ಗಿಡ್ಡಿ ದೊಡ್ಡವಳಾದ ಮೇಲೆ ನಮ್ಮನೆಗೆ ಬಂದವಳು. ಅಷ್ಟು ಕುಳ್ಳಗಿನ ಕೋಳಿ ಕೇರಿಯಲ್ಲಿ ಇನ್ನೊಂದಿರಲಿಲ್ಲವಾದ್ದರಿಂದ ಅವಳಿಗೆ ಗುರುತು ಹಾಕುವ ಅಗತ್ಯ ಯಾರಿಗೂ ಬಂದಿರಲಿಲ್ಲ. ಅಜ್ಜಿ ನಿಧಾನಕ್ಕೆ ಹಿತ್ತಲ ಮೂಲೆಗೆ ನಡೆದಳು. ಗಿಡ್ಡಿ ಹನ್ನೆರಡು ದಿನದ ಮರಿಗಳನ್ನು ರೆಕ್ಕೆಯಡಿ ಇಟ್ಟುಕೊಂಡು ಬಿಸಿಲಿಗೆ ಕೂತಿದ್ದಳು. ಎತ್ತಿದಾಗ ಮರಿಗಳು ಒಂದೊಂದಾಗಿ ರೆಕ್ಕೆಯಿಂದ ಉದುರಿದವು. ಒಂಬತ್ತು. ನಾನು ಓಡಿಹೋಗಿ ಅಜ್ಜಿಯ ಸೀರೆ ಹಿಡಿದು "ಗಿಡ್ಡಿ ಬ್ಯಾಡ ಕಣಜ್ಜಿ, ಬ್ಯಾಡ" ಎಂದು ಅತ್ತೆ. ನಿಜ ಹೇಳಿದ್ದರೂ ಗಿಡ್ಡಿ ಉಳಿಯುತ್ತಿರಲಿಲ್ಲ, ಕೆಂಚನ ಬೆರಳು ಮತ್ತೆ ಕೂಡುತ್ತಿರಲಿಲ್ಲ. ಆದರೂ ಹೇಳಬೇಕಾಗಿತ್ತು. ಹೇಳಲಿಲ್ಲ. ಅಜ್ಜಿ ನನ್ನ ಕೈಬಿಡಿಸಿ, ಗಿಡ್ಡಿಯ ನೆತ್ತಿಯನ್ನು ಒಂದು ಸಲ ಮೂಸಿ, ಸೆರಗಿನಡಿ ಇಟ್ಟುಕೊಂಡು ಹೊರಟಳು. ಬಸ್ಸಿನಲ್ಲಿ ತಂದದ್ದೂ ಹಾಗೆಯೇ ಅಲ್ಲವೇ ಎಂದು ಈಗ ಅನ್ನಿಸುತ್ತದೆ.

ಅವತ್ತು ಅಜ್ಜಿ ಊಟ ಮಾಡಲಿಲ್ಲ. ಮಧ್ಯಾಹ್ನ ಆ ಒಂಬತ್ತು ಮರಿಗಳನ್ನೂ ಮಂಕರಿಯಲ್ಲಿ ತಂದು ನನ್ನ ಮಡಿಲಿಗೆ ಸುರಿದಳು. "ಇನ್ಮೇಲೆ ಇವುಕ್ಕೆ ನೀನೇ ಅವ್ವ" ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ, ಸಮಾಧಾನವೂ ಇರಲಿಲ್ಲ, ಒಂದು ಕೆಲಸ ಒಪ್ಪಿಸಿದ ಹಾಗಿತ್ತು. ಹಬ್ಬದ ಕಡೆ ತಲೆಯನ್ನೂ ಹಾಕದ ಅಪ್ಪ ಸಂಜೆ ಗಿರಣಿಯಿಂದ ಒಂದು ರಟ್ಟಿನ ಡಬ್ಬ ತಂದು, ಅದಕ್ಕೆ ತೂತು ಮಾಡಿ, ನಡುಮನೆಯಿಂದ ವೈರು ಎಳೆದು ಬಲ್ಬು ಇಳಿಬಿಟ್ಟ. ಕರೆಂಟು ಹೋದಾಗ ಅಜ್ಜಿ ಬಿಸಿಬೂದಿ ತುಂಬಿದ ಮಡಕೆಗೆ ಬಟ್ಟೆ ಸುತ್ತಿ ಅದರ ನಡುವೆ ಇಡುತ್ತಿದ್ದಳು. ಬುದ್ಧನ ಪಟದ ಕೆಳಗೇ ಇತ್ತು ಆ ಡಬ್ಬ. ತಾಯಿ ಮಗ ಇಬ್ಬರೂ ಜಗಳವಿಲ್ಲದೆ ಒಟ್ಟಿಗೆ ಮಾಡಿದ ಕೆಲಸ ನನಗೆ ನೆನಪಿರುವುದು ಅದೊಂದೇ.

ನಾನು ಅವ್ವನಾದೆ. ನುಚ್ಚನ್ನು ಇನ್ನಷ್ಟು ನುಚ್ಚು ಮಾಡಿ ಹಾಕಿದೆ. ಕುಡಿಯುವ ನೀರಿನ ತಟ್ಟೆಯಲ್ಲಿ ಮರಿಗಳು ಮುಳುಗದಂತೆ ಬೆಣಚುಕಲ್ಲು ಇಟ್ಟೆ. ಗಿಡ್ಡಿ ಕರೆಯುತ್ತಿದ್ದ ಹಾಗೆ ಗಂಟಲಿನೊಳಗೇ ಕೊಕ್ ಕೊಕ್ ಎನ್ನುವುದನ್ನು ಕಲಿತೆ. ವಾರದೊಳಗೆ ಅವು ನಾನು ಹೋದಲ್ಲೆಲ್ಲ ಸಾಲುಗಟ್ಟಿ ಬರತೊಡಗಿದವು. ನೀರಿಗೆ ಹೋದರೆ ಬಾವಿಕಟ್ಟೆಗೆ, ಶಾಲೆಗೆ ಹೋದರೆ ಕೇರಿಯ ತಿರುವಿನವರೆಗೆ. ಒಂದನ್ನು ಹದ್ದು ಒಯ್ದಿತು, ಎರಡು ಮಳೆಗೆ ನೆನೆದು ಸೆಟೆದುಕೊಂಡು ಸತ್ತವು, ಆರು ಬದುಕಿದವು. ಒಂದೊಂದು ಸತ್ತಾಗಲೂ ಇದು ನನ್ನಿಂದ ಎಂದು ಎಣಿಸಿಕೊಂಡೆ. ಎರಡು ವರ್ಷದ ಮೇಲೆ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಕೇರಿಯ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಬಿದ್ದವು. ಆ ಆರೂ ಹೋದವು, ಕೆಂಚನೂ ಹೋದ. ನಾನು ಅವನಿಗೆ ಕೊಡಿಸಿದ್ದು ಎರಡು ವರ್ಷ ಮಾತ್ರ.

ಅಜ್ಜಿ ಹಾಸಿಗೆ ಹಿಡಿದಾಗ ನಾನು ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದೆ. ರಜೆ ಹಾಕಿ ಹೋಗಿ ಅವಳಿಗೆ ಮೈ ಒರೆಸಿ, ತಲೆ ಬಾಚಿ, ಕಾಲುಗುರು ತೆಗೆಯಲು ಕೂತೆ. ಉಗುರು ಒರಟಾಗಿ ಬೆಳೆದಿತ್ತು. ಎರಡು ಸಲ ಒತ್ತಬೇಕಾಯಿತು. ಕೈ ನಿಂತಿತು. ಹದಿನಾಲ್ಕು ವರ್ಷ ಒಳಗಿಟ್ಟುಕೊಂಡದ್ದು ತಾನಾಗಿ ಬಾಯಿಗೆ ಬಂತು. "ಅಜ್ಜಿ, ಕೆಂಚನ ಬೆರಳು ಕತ್ತರಿಸಿದ್ದು ನಾನು."

"ಗೊತ್ತು ಕಣೇ," ಎಂದಳು, ಹೊತ್ತೆಷ್ಟಾಯಿತು ಎಂದು ಕೇಳಿದ ಹಾಗೆ. "ಹುಂಜನ ಮುಖ ನಿನ್ ಕಡೀಕೆ ಮಾಡಿ ಹಿಡ್ಕಂಡಿದ್ದೆ. ನಿಂಗೆ ಎಡ ಅಂದ್ರೆ ಅದ್ಕೆ ಬಲ. ಬಲಗಾಲು ಕತ್ತರಿಸಿದ್ದೆ. ನಮ್ಮನೆ ಗುರುತು ಎಡಗಾಲಲ್ವೇನೇ?"

ಅಜ್ಜಿಯ ಮಾತನ್ನು ಎಲ್ಲರೂ ನಂಬಿದರು ಎಂದೇ ಅಷ್ಟು ವರ್ಷ ಬದುಕಿದ್ದೆ. "ಹಂಗಾರೆ ಪುಟ್ಟತ್ತೆಗೆ?"

"ಪುಟ್ಟಿಗೊಂದೇ ಯಾಕೆ, ಕೇರಿಗೇ ಗೊತ್ತಾಯ್ತು. ಬಲಗಾಲು ಕುಂಟಿಸ್ಕಂಡು ಎಲ್ರ ಅಂಗಳಾನೂ ಕೆದರ್ತಿತ್ತಲ್ಲ ನಿನ್ ಹುಂಜ, ಎರಡು ವರ್ಷ."

"ಮತ್ಯಾಕೆ ಯಾರೂ ಏನೂ ಅನ್ಲಿಲ್ಲ?"

ಅಜ್ಜಿ ಕಣ್ಣು ಮುಚ್ಚಿಕೊಂಡಳು. ನಿದ್ದೆ ಹೋದಳೆಂದುಕೊಂಡೆ. "ಒಂಬತ್ತು ಪಿಳ್ಳೆ ಬೆನ್ನಿಗಾಕ್ಕಂಡು ಕೇರಿ ತುಂಬ ತಿರುಗ್ತಿದ್ದೆಯಲ್ಲೇ ಮಗಾ," ಎಂದಳು. "ಅದ್ನ ನೋಡಿ ಯಾರು ಏನಂದಾರು?" ಆಮೇಲೆ ಇನ್ನೊಂದು ಕಾಲನ್ನೂ ಚಾಚಿದಳು.

ಅವಳು ಹೋಗಿ ಬಹಳ ವರ್ಷವಾಯಿತು. ಅಪ್ಪ ಅವ್ವ ಸೀನನ ಜೊತೆ ಅಜ್ಜಂಪುರದಲ್ಲಿದ್ದಾರೆ. ಅಪ್ಪ ಈಗ ಪಟಕ್ಕೆ ತಾನೇ ಹೂ ಇಡುತ್ತಾನೆ, ಕುಂಕುಮ ಮಾತ್ರ ಇಲ್ಲ. ಪುಟ್ಟತ್ತೆಯೂ ಇಲ್ಲ. ಹೋದ ವರ್ಷ ಊರಿಗೆ ಹೋದಾಗ ನೋಡಿದೆ, ನಮ್ಮ ಮನೆಯಿದ್ದ ಜಾಗದಲ್ಲಿ ಬೇರೆಯವರ ತಾರಸಿ ಮನೆ, ನುಗ್ಗೆಮರವಿದ್ದಲ್ಲಿ ಟ್ರ್ಯಾಕ್ಟರು ನಿಲ್ಲಿಸಿದ್ದರು. ಕೇರಿಯ ಈ ಕೊನೆಯಿಂದ ಆ ಕೊನೆಗೆ ನಡೆದರೂ ಕಾಲಿಗೆ ಒಂದು ಕೋಳಿ ಸಿಗಲಿಲ್ಲ. ಅಂಗಡಿಯ ಮುಂದೆ ಮೊಟ್ಟೆಯ ಟ್ರೇಗಳನ್ನು ಪೇರಿಸಿಟ್ಟಿದ್ದರು, ಎಲ್ಲ ಒಂದೇ ಬಿಳುಪು, ಒಂದೇ ಗಾತ್ರ.

ಮಗಳ ಮರಿಗಳಿಗೆ ಈಗ ರೆಕ್ಕೆ ಬಲಿತಿದೆ, ಮೊನ್ನೆ ತಾರಸಿಯ ಗೋಡೆಯ ಮೇಲೆ ಹಾರಿ ಕೂತವು. "ಪಕ್ಕದ ಮನೆಗೆ ಹೋಗ್ಬಿಟ್ರೆ ನಮ್ದು ಅಂತ ಹೇಗಮ್ಮ ಗೊತ್ತಾಗತ್ತೆ?" ಎಂದು ಅವಳು ಕೇಳಿದಳು. ಬೀರುವಿನಲ್ಲಿ ಅಜ್ಜಿಯ ಅಡಕತ್ತರಿ ಇದೆ. ತೆಗೆದು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡೆ. ಒಂದು ಮರಿಯನ್ನು ಮಡಿಲಿಗೆ ತೆಗೆದುಕೊಂಡೆ, ಈ ಸಲ ಬೆನ್ನು ನನ್ನ ಕಡೆಗೆ ಮಾಡಿ, ಅಜ್ಜಿ ಹಿಡಿಯುತ್ತಿದ್ದ ಹಾಗೆ. ಆ ಪುಟ್ಟ ಎಡಗಾಲನ್ನು ನೋಡಿ, ಮೂಸಿ, ಹಾಗೇ ಬಿಟ್ಟುಬಿಟ್ಟೆ. "ಬೇಡ ಕಣೇ," ಎಂದೆ. "ಈ ಬೀದೀಲಿ ಇನ್ಯಾರ ಮನೇಲೂ ಕೋಳಿ ಇಲ್ಲ." ಗುರುತು ಹಾಕಿದರೂ ಎಡವೋ ಬಲವೋ ಎಂದು ನೋಡುವವರು ಇಲ್ಲಿ ಯಾರೂ ಇಲ್ಲ. ನೋಡಿ, ತಿಳಿದು, ಸುಮ್ಮನೆ ಹೋಗುವವರಂತೂ ಇಲ್ಲವೇ ಇಲ್ಲ.